5,000 ಕೋಳಿಗಳ ಶೆಡ್ಡಿಗೆ ಸಾಲ ಮಾಡಬಹುದೇ? ಹಿರಿಯೂರು ಕಡೆಯಿಂದ ಒಂದು ಪ್ರಶ್ನೆ

ವೇದಾವತಿ ದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ತಾಲ್ಲೂಕಿನವನು. ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ನೌಕರನಾಗಿದ್ದೇನೆ. ಬಾಡಿಗೆ, ಊಟದ ಖರ್ಚು ಕಳೆದರೆ ಊರಿಗೆ ಕಳುಹಿಸಲು ಉಳಿಯುವುದು ಅಷ್ಟಕ್ಕಷ್ಟೇ. ಊರಿನಲ್ಲಿ ಎರಡೂವರೆ ಎಕರೆ ಖುಷ್ಕಿ ಜಮೀನಿದೆ, ಶೇಂಗಾ ಬಿತ್ತುತ್ತೇವೆ. ಕೊಳವೆಬಾವಿಯಲ್ಲಿ ಸ್ವಲ್ಪ ನೀರಿದೆ. ಇತ್ತೀಚೆಗೆ ಕೋಳಿ ಸಾಕಣೆ ಕಂಪನಿಯೊಂದರ ಸೂಪರ್‌ವೈಸರ್ ನಮ್ಮೂರಿಗೆ ಬಂದಿದ್ದರು. 5,000 ಬ್ರಾಯ್ಲರ್ ಕೋಳಿ ಹಿಡಿಯುವ ಶೆಡ್ಡು ಕಟ್ಟಿಸಿದರೆ ಮರಿ, ಆಹಾರ, ಔಷಧಿ ಎಲ್ಲವನ್ನೂ ಕಂಪನಿಯೇ ಕೊಡುತ್ತದೆ, ಬೆಳೆದ ಕೋಳಿಗಳನ್ನು ತಾನೇ ಎತ್ತಿಕೊಂಡು ಹೋಗಿ ಕಿಲೋ ಲೆಕ್ಕದಲ್ಲಿ ಸಾಕಣೆ ಹಣ ಕೊಡುತ್ತದೆ, ರೈತನಿಗೆ ನಷ್ಟದ ಪ್ರಶ್ನೆಯೇ ಇಲ್ಲ ಎಂದು ಹೇಳಿದರು. ಶೆಡ್ಡಿಗೆ ಸುಮಾರು 14 ಲಕ್ಷ ರೂಪಾಯಿ ಬೇಕಾಗುತ್ತದೆ. ಮನೆಯವರು 4 ಲಕ್ಷ ಹೊಂದಿಸಬಲ್ಲರು, ಉಳಿದ 10 ಲಕ್ಷಕ್ಕೆ ಬ್ಯಾಂಕಿನ ಮೊರೆ ಹೋಗಬೇಕು. ಅಪ್ಪನಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಸರ್ಕಾರ 25 ಲಕ್ಷದವರೆಗೆ ಸಬ್ಸಿಡಿ ಕೊಡುತ್ತದೆ ಎಂಬ ವಿಡಿಯೋಗಳನ್ನೂ ನೋಡಿದ್ದೇನೆ. ಈ ಕಸುಬಿನಲ್ಲಿ ಇರುವವರು ದಯವಿಟ್ಟು ತಿಳಿದದ್ದನ್ನು ಹೇಳಬೇಕು.

ಹೊಟ್ಟು ಇದ್ದಿಲು

ನಾನು ಚನ್ನಗಿರಿ ಕಡೆಯವನು, ಗುತ್ತಿಗೆ ಪದ್ಧತಿಯಲ್ಲಿಯೇ ಬ್ರಾಯ್ಲರ್ ಸಾಕುತ್ತಿದ್ದೇನೆ. ಸೂಪರ್‌ವೈಸರ್ ಸುಳ್ಳು ಹೇಳಿಲ್ಲ, ಆದರೆ ಪೂರ್ತಿಯನ್ನೂ ಹೇಳಿಲ್ಲ. ಈ ಏರ್ಪಾಟಿನಲ್ಲಿ ಕೋಳಿ ನಿಮ್ಮದಲ್ಲ, ಆಹಾರವೂ ನಿಮ್ಮದಲ್ಲ. ಶೆಡ್ಡು, ಅದರ ಸಾಲ, ಕರೆಂಟು, ನೀರು, ನೆಲಕ್ಕೆ ಹಾಸುವ ಭತ್ತದ ಹೊಟ್ಟು, ಮರಿಗಳಿಗೆ ಕಾವು ಕೊಡುವ ಇದ್ದಿಲು, ಕೂಲಿ ಮತ್ತು ರಾತ್ರಿಯ ಕಾವಲು ನಿಮ್ಮವು. ಆದ್ದರಿಂದ ಒಂದು ಕೋಳಿಗೆ ಎಷ್ಟು ಉಳಿಯುತ್ತದೆ ಎಂದು ಕೇಳುವ ಬದಲು ವರ್ಷಕ್ಕೆ ಎಷ್ಟು ಬ್ಯಾಚು ಮರಿ ಕೊಡುತ್ತೀರಿ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಲೆಕ್ಕ ಹಾಕಿ ತೋರಿಸುತ್ತೇನೆ. ದರಗಳು ಊರಿಂದೂರಿಗೆ ಬೇರೆಯಾಗುವುದರಿಂದ ಇಲ್ಲಿನ ಅಂಕಿಗಳ ಜಾಗದಲ್ಲಿ ನಿಮ್ಮ ಕಡೆಯ ಅಂಕಿಗಳನ್ನು ಹಾಕಿಕೊಳ್ಳಿ. 5,000 ಮರಿ ಬಿಟ್ಟು ನೂರಕ್ಕೆ 5ರಂತೆ ಸತ್ತರೆ 4,750 ಕೋಳಿ ಉಳಿಯುತ್ತವೆ. ಸರಾಸರಿ 2.1 ಕಿಲೋ ತೂಗಿದರೆ ಒಟ್ಟು 9,975 ಕಿಲೋ. ಕಿಲೋಗೆ 7 ರೂಪಾಯಿ ಸಾಕಣೆ ಹಣ ಎಂದಿಟ್ಟುಕೊಂಡರೆ ಬ್ಯಾಚಿಗೆ ಸುಮಾರು 69,800 ರೂಪಾಯಿ ಬರುತ್ತದೆ. ಹೊಟ್ಟು, ಇದ್ದಿಲು, ಕರೆಂಟು, ಸುಣ್ಣ, ಕೂಲಿ ಸೇರಿ 22,000 ರೂಪಾಯಿ ಖರ್ಚಾದರೆ ಕೈಯಲ್ಲಿ ಉಳಿಯುವುದು 48,000ಕ್ಕೆ ಸ್ವಲ್ಪ ಕಡಿಮೆ. 10 ಲಕ್ಷ ಸಾಲವನ್ನು ಶೇಕಡಾ 11ರ ಬಡ್ಡಿಯಲ್ಲಿ 7 ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 17,100, ವರ್ಷಕ್ಕೆ 2 ಲಕ್ಷದ 5 ಸಾವಿರ. ವರ್ಷಕ್ಕೆ 6 ಬ್ಯಾಚು ಸಿಕ್ಕರೆ ಕಂತು ಕಳೆದು 80,000 ರೂಪಾಯಿಯ ಆಸುಪಾಸು ಉಳಿಯುತ್ತದೆ, 5 ಸಿಕ್ಕರೆ 34,000ಕ್ಕೆ ಇಳಿಯುತ್ತದೆ, 4 ಮಾತ್ರ ಸಿಕ್ಕರೆ ಕಂತು ಕಟ್ಟಲು ಕೈಯಿಂದಲೇ 14,000 ಹಾಕಬೇಕಾಗುತ್ತದೆ. ಗೊಬ್ಬರ ಮಾರಿದ ಹಣ ಇದಕ್ಕೆ ಸೇರುತ್ತದೆ, ನಿಜ. ಆದರೆ ನಿಮ್ಮ ಹಾಗೂ ಮನೆಯವರ ದುಡಿಮೆಗೆ ಇಲ್ಲಿ ನಾನು ಒಂದು ರೂಪಾಯಿಯನ್ನೂ ಹಿಡಿದಿಲ್ಲ.

ಕಾಗದದ ಮೇಲೆ 6 ಬ್ಯಾಚು ಸುಲಭ: 42 ದಿನ ಸಾಕಣೆ, ಎರಡು ವಾರ ಶೆಡ್ಡು ತೊಳೆದು ಒಣಗಿಸಲು. ವಾಸ್ತವದಲ್ಲಿ ಮಾರುಕಟ್ಟೆ ಬಿದ್ದಾಗ ಕಂಪನಿ ಮರಿ ಬಿಡುವುದನ್ನು ಮುಂದೂಡುತ್ತದೆ, ಬೆಳೆದ ಕೋಳಿ ಎತ್ತುವುದನ್ನೂ ತಡ ಮಾಡುತ್ತದೆ. ನಾನು ಮೊದಲು ಸಾಕುತ್ತಿದ್ದ ಕಂಪನಿಯವರು ಒಂದು ಏಪ್ರಿಲ್ ತಿಂಗಳಲ್ಲಿ ಲಿಫ್ಟಿಂಗ್ ಮುಂದೂಡುತ್ತಲೇ ಹೋದರು. ಎರಡೂವರೆ ಕಿಲೋ ದಾಟಿದ ಕೋಳಿಗಳು ಮಧ್ಯಾಹ್ನದ ಸೆಕೆ ತಾಳಲಾರದೆ ಬಾಯಿ ತೆರೆದುಕೊಂಡು ಒಂದೊಂದಾಗಿ ಬಿದ್ದವು, ಆ ಸಾವನ್ನೂ ನನ್ನ ಲೆಕ್ಕಕ್ಕೇ ಹಿಡಿದರು. ತಡವಾದ ದಿನಗಳ ಸಾವು ಯಾರ ಲೆಕ್ಕಕ್ಕೆ ಎಂಬ ಒಂದು ಸಾಲು ಒಪ್ಪಂದದಲ್ಲಿ ಇದ್ದೇ ಇರಬೇಕು.

ಇನ್ನೊಂದು ಸಂಗತಿ ಎಫ್‌ಸಿಆರ್, ಅಂದರೆ ಕೋಳಿ ಒಂದು ಕಿಲೋ ತೂಕ ಬರಲು ಎಷ್ಟು ಕಿಲೋ ಆಹಾರ ಖರ್ಚಾಯಿತು ಎಂಬ ಲೆಕ್ಕ. 1.6 ಬಂದರೆ ಸರಿಯಾಗಿದೆ ಎನ್ನಬಹುದು. ಮೇಲಿನ ಬ್ಯಾಚಿನಲ್ಲಿ 50 ಕಿಲೋದ 10 ಚೀಲ ಆಹಾರ ಇಲಿಯ ಪಾಲಾದರೆ, ಅಥವಾ ಫೀಡರ್ ತಗ್ಗಿನಲ್ಲಿದ್ದು ಹೊಟ್ಟಿನೊಳಗೆ ಚೆಲ್ಲಿಹೋದರೆ, ಅದು 1.65 ಆಗಿಬಿಡುತ್ತದೆ, ಕಿಲೋ ದರದಲ್ಲಿ ಕಡಿತ ಶುರುವಾಗುತ್ತದೆ. ಫೀಡರಿನ ಅಂಚು ಸದಾ ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು, ಕೋಳಿ ಬೆಳೆದಂತೆ ಹಗ್ಗ ಎಳೆದು ಎತ್ತುತ್ತಿರಬೇಕು. ಆಹಾರದ ಲಾರಿ ಬಂದಾಗ ನಾಲ್ಕು ಚೀಲಗಳನ್ನಾದರೂ ಚಾಲಕನ ಎದುರಿಗೇ ತೂಗಿ ನೋಡಿ.

ಮುಸುಕಿನ ಜೋಳ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಗುತ್ತಿಗೆ ಪದ್ಧತಿಯನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಮೆಕ್ಕೆಜೋಳ ಕೈಗೆಟುಕುತ್ತದೆ ಎಂಬ ಧೈರ್ಯದಿಂದ ನಾವು ಸ್ವಂತ ಬಂಡವಾಳ ಹಾಕಿ ಸಾಕುತ್ತಿದ್ದೆವು. ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಭಾಗ ಆಹಾರದ್ದೇ ಆಗಿರುತ್ತದೆ. ಜೋಳ ಅಗ್ಗವಾಗಿ ಸಿಕ್ಕರೂ ಸೋಯಾ ಹಿಂಡಿಯ ಬೆಲೆ ನಮ್ಮ ಕೈಯಲ್ಲಿಲ್ಲ, ಕೋಳಿಯ ಬೆಲೆಯಂತೂ ಯಾರ ಕೈಯಲ್ಲೂ ಇಲ್ಲ. 2020ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಗಾಳಿಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಅದೇ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರವೂ ಕಾಣಿಸಿಕೊಂಡಿತು. ಸ್ವಂತ ಕೋಳಿ ಇಟ್ಟುಕೊಂಡಿದ್ದವರಲ್ಲಿ ಎಷ್ಟೋ ಮಂದಿ ಆಹಾರ ಹಾಕಲಾರದೆ ಕೋಳಿಗಳನ್ನು ಜೀವಂತ ಹೂಳಿದರು, ಕೆಲವರು ಊರವರಿಗೆ ಪುಕ್ಕಟೆ ಹಂಚಿದರು. ಅಂಥ ಸಮಯದಲ್ಲಿ ಆಹಾರದ ಸಾಲ ಹೊತ್ತವನಿಗೂ ಸಾಕಣೆ ಹಣಕ್ಕೆ ಕಾಯುತ್ತಿದ್ದವನಿಗೂ ಬಹಳ ವ್ಯತ್ಯಾಸವಿದೆ.

ಹೊಸದಾಗಿ ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಸ್ವಂತ ಬ್ರಾಯ್ಲರ್ ವ್ಯಾಪಾರಕ್ಕೆ ಮೂರು ಬ್ಯಾಚು ಸತತವಾಗಿ ಕೈಕಚ್ಚಿದರೂ ನಾಲ್ಕನೆಯದಕ್ಕೆ ಮರಿ ತರುವಷ್ಟು ಹಣ ಬೇಕು. ಯುಗಾದಿಯ ಮರುದಿನದ ಹೊಸತೊಡಕಿಗೆ ಸಿಗುವ ಬೆಲೆ ನೋಡಿ ಮರುಳಾಗಬೇಡಿ, ಶ್ರಾವಣದಲ್ಲಿ ಅದೇ ಕೋಳಿಯನ್ನು ಕೇಳುವವರಿರುವುದಿಲ್ಲ.

ಹೊಟ್ಟು ಇದ್ದಿಲು

ಬೆಲೆಯ ಹೊರೆ ಕಂಪನಿಯದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ 2020ರಲ್ಲಿ ಗುತ್ತಿಗೆಯವರ ಶೆಡ್ಡುಗಳೂ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದವು ಎಂಬುದನ್ನೂ ಸೇರಿಸಿ ಹೇಳಬೇಕು. ಕಂಪನಿಗೆ ಖಾಲಿ ಶೆಡ್ಡಿನಿಂದ ಕಾಸಿನ ನಷ್ಟವಿಲ್ಲ, ನಮಗೆ ಪ್ರತಿ ತಿಂಗಳೂ ಬ್ಯಾಂಕಿನ ಸಂದೇಶ ಬರುತ್ತದೆ.

ಸಾಲಪತ್ರ

ನಾನು ಗ್ರಾಮೀಣ ಬ್ಯಾಂಕಿನಲ್ಲಿ ಕೆಲಸ ಮಾಡಿದವನಾದ್ದರಿಂದ ಸಬ್ಸಿಡಿಯ ವಿಷಯವನ್ನಷ್ಟೇ ಸ್ಪಷ್ಟಪಡಿಸುತ್ತೇನೆ. ವಿಡಿಯೋಗಳಲ್ಲಿ ಹೇಳುವ 25 ಲಕ್ಷ ರೂಪಾಯಿ ರಾಷ್ಟ್ರೀಯ ಜಾನುವಾರು ಮಿಷನ್ನಿನದು, 2021-22ರಲ್ಲಿ ಪರಿಷ್ಕರಿಸಿದ ಯೋಜನೆ. ಅದು ಬಂಡವಾಳ ವೆಚ್ಚದ ಶೇಕಡಾ 50ರಷ್ಟನ್ನು, ಗರಿಷ್ಠ 25 ಲಕ್ಷದವರೆಗೆ, ಎರಡು ಕಂತುಗಳಲ್ಲಿ ಕೊಡುತ್ತದೆ. ಆದರೆ ಯಾವುದಕ್ಕೆ? ಕನಿಷ್ಠ 1,000 ತಾಯಿಕೋಳಿಗಳ ಫಾರಂ, ಅದರ ಜೊತೆಗೆ ಮೊಟ್ಟೆಯಿಂದ ಮರಿ ಮಾಡಿಸುವ ಹ್ಯಾಚರಿ, ಮರಿಗಳನ್ನು ನಾಲ್ಕು ವಾರ ಸಾಕಿ ಹಳ್ಳಿಗಳಿಗೆ ಮಾರುವ ಘಟಕ, ಇವುಗಳಿಗೆ. ಹಿತ್ತಲಲ್ಲಿ ಸಾಕಬಹುದಾದ ತಳಿಗಳ ಮರಿ ಹಳ್ಳಿಗಳಲ್ಲೇ ಸಿಗುವಂತಾಗಬೇಕು ಎಂಬುದು ಅದರ ಉದ್ದೇಶ. ಗುತ್ತಿಗೆ ಬ್ರಾಯ್ಲರ್ ಶೆಡ್ಡು ಅದರಡಿ ಬರುವುದಿಲ್ಲ. 'ಫೈಲ್ ಮೂವ್ ಮಾಡಿಸುತ್ತೇನೆ' ಎಂದು ಮುಂಗಡ ಕೇಳುವವರು ಬಂದರೆ ಚಹಾ ಕೊಟ್ಟು ಕಳುಹಿಸಿ.

ನಿಮ್ಮ ಪ್ರಮಾಣದವರಿಗೆ ಹೆಚ್ಚು ಉಪಯೋಗವಾಗಬಹುದಾದದ್ದು ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರಿಂದ ಪಶುಸಂಗೋಪನೆಗೂ ಅದನ್ನು ವಿಸ್ತರಿಸಿದ್ದಾರೆ, ಮರಿ, ಆಹಾರ, ಔಷಧಿಯಂಥ ದಿನವಹಿ ಖರ್ಚಿಗೆ ಅದರಲ್ಲಿ ಸಾಲ ಸಿಗುತ್ತದೆ. ಜೊತೆಗೆ ನೀವು 5,000ವನ್ನು ದಾಟಿ ಬೆಳೆಯುವ ಯೋಚನೆಯಲ್ಲಿದ್ದರೆ ಪಂಚಾಯಿತಿಯ ಪರವಾನಗಿ ಮಾತ್ರವಲ್ಲದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕಾಗುತ್ತದೆ. ನೊಣ ಮತ್ತು ವಾಸನೆಯ ತಕರಾರು ಶೆಡ್ಡು ಎದ್ದ ಮೇಲೆ ಶುರುವಾಗುತ್ತದೆ, ಸಾಲ ಮಂಜೂರಾಗುವ ಮುಂಚೆ ಯಾರೂ ಬಾಯಿ ಬಿಡುವುದಿಲ್ಲ.

ಮಧುಗಿರಿ ಮಂಕರಿ

ಇಲ್ಲಿಯವರೆಗೆ ಎಲ್ಲರೂ ಬ್ರಾಯ್ಲರ್ ಬಗ್ಗೆಯೇ ಬರೆದಿದ್ದಾರೆ. ನಾನು ಮಧುಗಿರಿ ತಾಲ್ಲೂಕಿನಲ್ಲಿ ಮಾವಿನ ತೋಪಿನೊಳಗೆ ಸ್ವರ್ಣಧಾರ ಕೋಳಿಗಳನ್ನು ಸಾಕುತ್ತೇನೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲು ಗಿರಿರಾಜ, ಆಮೇಲೆ 2005ರಲ್ಲಿ ಸ್ವರ್ಣಧಾರ ತಳಿ ಬಿಡುಗಡೆಯಾದವು. ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಕಾವೇರಿ ತಳಿಯೂ ಹೈದರಾಬಾದಿನ ವನರಾಜ, ಗ್ರಾಮಪ್ರಿಯ ತಳಿಗಳೂ ಇದೇ ಬಗೆಯವು. ನಮ್ಮ ಊರಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ಮೊಟ್ಟೆ ಇಟ್ಟರೆ ಹೆಚ್ಚು, ಗಿರಿರಾಜ 130ರಿಂದ 150, ಸ್ವರ್ಣಧಾರ ಅದಕ್ಕೂ ಮೇಲೆ ಇಡುತ್ತದೆ. ಬಣ್ಣಬಣ್ಣದ ಪುಕ್ಕ ಇರುವುದರಿಂದ ಗ್ರಾಹಕರು ನಾಟಿ ಕೋಳಿಯ ಸಾಲಿನಲ್ಲೇ ನೋಡುತ್ತಾರೆ. ನಿಜವಾದ ನಾಟಿಯ ಬೆಲೆಯನ್ನು ಎಲ್ಲರೂ ಕೊಡುವುದಿಲ್ಲ, ಆದರೂ ಬ್ರಾಯ್ಲರ್‌ಗಿಂತ ಚೆನ್ನಾಗಿಯೇ ಸಿಗುತ್ತದೆ.

ಎರಡು ಎಚ್ಚರಿಕೆಗಳಿವೆ. ಈ ಕೋಳಿಗಳು ಕಾವಿಗೆ ಕೂರುವುದು ಅಪರೂಪ, ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ತಾಯಿಯ ಗುಣ ಉಳಿಯುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಮರಿ ಕೊಂಡು ತರಬೇಕು, ಅದಕ್ಕೆ ಮೊದಲೇ ಹೆಸರು ಬರೆಸಿ ಕಾಯಬೇಕು. ಕಾಯುವ ತಾಳ್ಮೆ ಇಲ್ಲದವರಿಗೆ ಗಿರಿರಾಜ ಎಂದು ಹೇಳಿ ಬೇರಾವುದೋ ಬಣ್ಣದ ಮರಿಗಳನ್ನು ಸಂತೆಯಲ್ಲಿ ಮಾರುವವರಿದ್ದಾರೆ. ಎರಡನೆಯದು, 'ಬಿಟ್ಟು ಸಾಕಿದರೆ ಆಹಾರದ ಖರ್ಚಿಲ್ಲ' ಎಂಬ ಮಾತು 20 ಕೋಳಿಗೆ ಸರಿ, 300ಕ್ಕೆ ಸರಿಯಲ್ಲ. ತೋಪಿನಲ್ಲಿ ಅಷ್ಟು ಹುಳ, ಕಾಳು ಎಲ್ಲಿಂದ ಬರಬೇಕು? ಬೆಳಿಗ್ಗೆ ಮತ್ತು ಸಂಜೆ ಜೋಳದ ನುಚ್ಚು, ರಾಗಿ, ತೌಡು, ಹಿಂಡಿ ಹಾಕಲೇಬೇಕು. ಬೆಳೆಯಲು ನಾಲ್ಕೈದು ತಿಂಗಳು ಬೇಕಾಗುವುದರಿಂದ ಆ ಖರ್ಚು ಸದ್ದಿಲ್ಲದೆ ಬೆಳೆಯುತ್ತದೆ. ಗಿಡುಗ, ಮುಂಗುಸಿ, ಬೀದಿನಾಯಿಗಳ ಪಾಲು ಬೇರೆ. ನಮ್ಮಲ್ಲಿ ಮುಂಗುಸಿಗಿಂತ ನಾಯಿಗಳಿಂದಲೇ ಹೆಚ್ಚು ನಷ್ಟವಾಗಿದೆ, ಹಾಗಾಗಿ ಜಾಲರಿಯ ಬೇಲಿಯನ್ನು ಒಂದಡಿ ನೆಲದೊಳಗೆ ಹೂತು ಹಾಕಿಸಿದ್ದೇವೆ.

ಮಾರಾಟವನ್ನು ಮಾತ್ರ ಮರಿ ತರುವ ಮುಂಚೆಯೇ ಯೋಚಿಸಿ. ನಾನು ವಾರಕ್ಕೆ ಇಂತಿಷ್ಟು ಎಂದು ಎರಡು ಹೆದ್ದಾರಿ ಹೋಟೆಲುಗಳಿಗೆ ಕೊಡುತ್ತೇನೆ. ಮುದ್ದೆ ಮತ್ತು ನಾಟಿ ಕೋಳಿ ಸಾರಿನ ಹೋಟೆಲುಗಳು ನಿಮ್ಮ ರಾಷ್ಟ್ರೀಯ ಹೆದ್ದಾರಿಯ ಉದ್ದಕ್ಕೂ ಇವೆಯಲ್ಲ.

ಅರಕಲಗೂಡು ಅಕ್ಕ

ನಾನು ಸ್ತ್ರೀಶಕ್ತಿ ಸಂಘದ ಕೆಲಸದಲ್ಲಿರುವುದರಿಂದ ಯಾರೂ ಎತ್ತದ ಒಂದು ವಿಷಯವನ್ನು ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಹೆಂಗಸರ ಸೊತ್ತು. ಹುಂಜ ಮಾರಿದ ಹಣ ಮಗುವಿನ ಶಾಲೆಯ ಶುಲ್ಕಕ್ಕೋ ಔಷಧಿಗೋ ಹೋಗುತ್ತದೆ, ಗಂಡ ಅದರ ಲೆಕ್ಕ ಕೇಳುವುದಿಲ್ಲ. ಅದೇ ಕೋಳಿ ಶೆಡ್ಡಿಗೆ ಬಂದ ಕೂಡಲೇ ಒಪ್ಪಂದ ಗಂಡಸಿನ ಹೆಸರಿನಲ್ಲಿ ಆಗುತ್ತದೆ, ಹಣ ಅವನ ಖಾತೆಗೆ ಬರುತ್ತದೆ. ನೀರು ಕುಡಿಸುವ ಡ್ರಿಂಕರ್ ತೊಳೆಯುವುದು, ಸತ್ತ ಕೋಳಿ ಹೆಕ್ಕುವುದು, ಹೊಟ್ಟು ಕೆದಕುವುದು ಮಾತ್ರ ತಾಯಿ ಮತ್ತು ಹೆಂಡತಿಯ ಪಾಲಿಗೆ ಉಳಿಯುತ್ತದೆ. ತಮ್ಮಾ, ನೀವು ಪೀಣ್ಯದ ಕೆಲಸ ಬಿಡದೆ ಶೆಡ್ಡು ಕಟ್ಟಿಸುವ ಯೋಚನೆಯಲ್ಲಿದ್ದೀರಾದರೆ ಅದರ ಅರ್ಥ ನಿಮ್ಮ ತಾಯಿ ಕೋಳಿ ಸಾಕುತ್ತಾರೆ ಎಂದು. ಅಪ್ಪ ಒಪ್ಪಲಿಲ್ಲ ಎಂದು ಬರೆದಿದ್ದೀರಿ, ಅಮ್ಮನನ್ನು ಕೇಳಿದಿರೋ ಇಲ್ಲವೋ ಬರೆದಿಲ್ಲ.

ನಮ್ಮ ಸಂಘದ ಕೆಲವರು ತಲಾ 25 ಕೋಳಿಗಳಿಂದ ಶುರು ಮಾಡಿದರು. ಸಾಲ ಚಿಕ್ಕದು, ಬಿದ್ದರೂ ಏಳಬಹುದಾದಷ್ಟು. ಇದರಿಂದ ಯಾರೂ ಸಿರಿವಂತರಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಸೂಜಿಮದ್ದು

ಪಶುವೈದ್ಯನಾಗಿ ಸೇವೆ ಸಲ್ಲಿಸಿ ನಿವೃತ್ತನಾಗಿದ್ದೇನೆ. ಅಕ್ಕನವರು ಹೇಳಿದ 25 ಕೋಳಿಗಳ ಘಟಕಗಳಲ್ಲಿ ನಾನು ಕಂಡ ದೊಡ್ಡ ತೊಡಕು ಲಸಿಕೆಯದು. ಕೊಕ್ಕರೆ ರೋಗ ಬಂದರೆ ಊರಿನ ಕೋಳಿಗಳೆಲ್ಲ ವಾರದೊಳಗೆ ಖಾಲಿಯಾಗುತ್ತವೆ, ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ದಾರಿ. ಆದರೆ ಲಸಿಕೆಯ ಸೀಸೆ ನೂರು, ಇನ್ನೂರು, ಐನೂರು, ಸಾವಿರ ಡೋಸುಗಳ ಲೆಕ್ಕದಲ್ಲಿ ಬರುತ್ತದೆ. ಒಮ್ಮೆ ನೀರಿನಲ್ಲಿ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯ ಮೇಲಿರಬೇಕು. ಇಪ್ಪತ್ತೈದು ಕೋಳಿಗಳಿಗಾಗಿ ಒಂದು ಸೀಸೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿ ಯಾರೂ ಹಾಕಿಸುವುದಿಲ್ಲ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಊರಿನವರೆಲ್ಲ ಒಂದು ದಿನ ಗೊತ್ತು ಮಾಡಿಕೊಂಡು, ಕೋಳಿಗಳು ಗೂಡಿನಿಂದ ಹೊರಬೀಳುವ ಮುಂಚೆ ಬೆಳಗಿನ ಜಾವ ಹಾಕಿಸಬೇಕು. ಒಬ್ಬ ತರಬೇತಿ ಪಡೆದ ಹುಡುಗನೋ ಹುಡುಗಿಯೋ ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಈ ಕೆಲಸವನ್ನೇ ಮಾಡಿದರೆ ಅದೂ ಒಂದು ಆದಾಯವೇ. ಶೆಡ್ಡು ಕಟ್ಟುವುದೊಂದೇ ಈ ಕಸುಬಿನ ಬಾಗಿಲು ಎಂದು ಯುವಕರು ತಿಳಿದಿರುವುದು ನನಗೆ ಸರಿ ಕಾಣುವುದಿಲ್ಲ.

ಬ್ರಾಯ್ಲರ್‌ಗಳಿಗೆ ಮೊದಲ ವಾರದಲ್ಲಿ ಕೊಕ್ಕರೆ ರೋಗದ ಲಸಿಕೆಯಾದ ಲಸೋಟ, ಎರಡನೇ ವಾರದ ಕೊನೆಗೆ ಗುಂಬೋರೊ ರೋಗದ ಲಸಿಕೆ, ಆಮೇಲೆ ಲಸೋಟದ ಎರಡನೇ ಸುತ್ತು ವಾಡಿಕೆಯಲ್ಲಿದೆ. ನೀರಿನಲ್ಲಿ ಕೊಡುವಾಗ ಕ್ಲೋರಿನ್ ಇರುವ ನೀರು ಬಳಸಿದರೆ ಲಸಿಕೆಯೇ ಸತ್ತುಹೋಗುತ್ತದೆ, ಆದ್ದರಿಂದ ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರಿಗೆ ಐದಾರು ಗ್ರಾಂ ಬೆರೆಸುತ್ತಾರೆ. ಒಂದು ಗಂಟೆ ಮೊದಲೇ ಡ್ರಿಂಕರ್‌ಗಳನ್ನು ಎತ್ತಿಟ್ಟು ಬಾಯಾರಿಸಬೇಕು, ಇಲ್ಲವಾದರೆ ಅರ್ಧ ಮರಿಗಳು ಕುಡಿಯುವುದೇ ಇಲ್ಲ.

ಹಕ್ಕಿಜ್ವರದ ಬಗ್ಗೆಯೂ ಒಂದು ಮಾತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರಿನ ಕುರೇಕುಪ್ಪದಲ್ಲಿ ಅದು ಕಾಣಿಸಿಕೊಂಡಿತ್ತು. ರೋಗ ದೃಢಪಟ್ಟ ಕಡೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲಲಾಗುತ್ತದೆ, ಕೊಂದ ಕೋಳಿಗಳಿಗೆ ಪರಿಹಾರವಿದೆ, ಅದಕ್ಕೆ ಮುಂಚೆ ಸತ್ತವಕ್ಕೆ ಇಲ್ಲ. ಆದ್ದರಿಂದ ಅಸಹಜ ಸಾವು ಕಂಡ ದಿನವೇ ಇಲಾಖೆಗೆ ತಿಳಿಸುವುದು ಸ್ವಂತ ಹಿತಕ್ಕೂ ಒಳ್ಳೆಯದು. ಗುತ್ತಿಗೆ ಕೋಳಿಯಾದರೆ ಪರಿಹಾರದಲ್ಲಿ ಸಾಕಿದವನ ಪಾಲೆಷ್ಟು ಎಂಬುದನ್ನು ಒಪ್ಪಂದದಲ್ಲಿ ನೋಡಿಕೊಳ್ಳಿ.

ವೇದಾವತಿ ದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. ಶೆಡ್ಡು ಬೇಡ, ಕೋಳಿ ಬೇಕಾದರೆ ತಾ ಎಂದರು. ಸೂಪರ್‌ವೈಸರ್ ಬಳಿ ಒಪ್ಪಂದದ ಪ್ರತಿ ಕೇಳಿದಾಗ, ಶೆಡ್ಡು ಎದ್ದ ಮೇಲೆ ಕೊಡುತ್ತೇವೆ ಎಂಬ ಉತ್ತರ ಬಂತು. ನನಗೆ ಎರಡು ಸಂದೇಹಗಳಿವೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 38, 40 ಡಿಗ್ರಿ ತಲುಪುತ್ತದೆ, ಆಗ ಕೋಳಿಗಳನ್ನು ಉಳಿಸಿಕೊಳ್ಳುವುದು ಹೇಗೆ? ಮತ್ತು ಚಿಕ್ಕಪ್ಪನವರ ರೇಷ್ಮೆ ಹುಳು ಮನೆ ಈಗ ಬಳಕೆಯಲ್ಲಿಲ್ಲ, ಸುಮಾರು 20 ಅಡಿ ಅಗಲ, 40 ಅಡಿ ಉದ್ದವಿದೆ. ಅದರಲ್ಲಿ ಮೊದಲು ಸಣ್ಣದಾಗಿ ಪ್ರಯತ್ನಿಸಬಹುದೇ?

ಹೊಟ್ಟು ಇದ್ದಿಲು

ಒಪ್ಪಂದದ ಪ್ರತಿಯನ್ನು ಮೊದಲೇ ತೋರಿಸದವರಿಗಾಗಿ ಇಟ್ಟಿಗೆ ಇಳಿಸಬೇಡಿ. ಅದೇ ಕಂಪನಿಗೆ ಸಾಕುತ್ತಿರುವ ಇಬ್ಬರನ್ನು ಹುಡುಕಿ, ಅವರ ಹಿಂದಿನ ಬ್ಯಾಚುಗಳ ಲೆಕ್ಕದ ಚೀಟಿಗಳನ್ನು ನೋಡಿ. ಮರಿ ಬಂದ ತಾರೀಕುಗಳ ನಡುವಿನ ಅಂತರವೇ ನಿಮಗೆ ಬೇಕಾದ ಉತ್ತರ.

ಬಿಸಿಲಿನ ಬಗ್ಗೆ: ಶೆಡ್ಡಿನ ಉದ್ದ ಪೂರ್ವ ಪಶ್ಚಿಮಕ್ಕಿರಬೇಕು, ಅಗಲ 30 ಅಡಿ ಮೀರಬಾರದು, ಸೂರು ಮೂರು ಅಡಿಯಾದರೂ ಹೊರಚಾಚಿರಬೇಕು. ಬೇಸಿಗೆಯಲ್ಲಿ ಕೋಳಿಗೆ ಒಂದು ಚದರಡಿ ಸಾಲದು, ಮರಿಗಳನ್ನೇ ಕಡಿಮೆ ಬಿಡಬೇಕು. ಮಾಡಿನ ಮೇಲೆ ತೆಂಗಿನ ಗರಿ ಹಾಸಿ ನೀರು ಚಿಮುಕಿಸಿ, ಮಧ್ಯಾಹ್ನ ಆಹಾರ ಎತ್ತಿಟ್ಟು ಬೆಳಗಿನ ಜಾವ ಮತ್ತು ರಾತ್ರಿ ಹಾಕಿ. ತೊಟ್ಟಿಯ ನೀರು ಕಾದು ಹೋಗಿದ್ದರೆ ಕೋಳಿ ಕುಡಿಯುವುದಿಲ್ಲ, ಆದ್ದರಿಂದ ತೊಟ್ಟಿಯನ್ನು ನೆರಳಿನಲ್ಲಿಡಿ.

ಆದರೆ ಬೇಸಿಗೆಯಲ್ಲಿಯೂ ಮೊದಲ ವಾರದ ಮರಿಗೆ 35 ಡಿಗ್ರಿ ಕಾವು ಬೇಕೇ ಬೇಕು, ರಾತ್ರಿ ಅದು ತಪ್ಪಿದರೆ ಬೆಳಿಗ್ಗೆ ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡುವುದು ಕಲಿಯಿರಿ: ಬಲ್ಬಿನ ಕೆಳಗೆ ಗುಂಪುಗೂಡಿದರೆ ಕಾವು ಕಡಿಮೆ, ಮರಿಗಳ ಸುತ್ತ ಕಟ್ಟಿದ ತಗಡಿನ ಅಂಚಿಗೆ ಸರಿದು ಏದುಸಿರು ಬಿಟ್ಟರೆ ಹೆಚ್ಚು, ಎಲ್ಲೆಡೆ ಹರಡಿಕೊಂಡು ತಿನ್ನುತ್ತಿದ್ದರೆ ಸರಿ. ಮರಿ ಇಳಿಸಿದ ರಾತ್ರಿ ನಾಲ್ಕಾರು ಮರಿಗಳ ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ತುಂಬಿದ್ದರೆ ಆಹಾರ ಮತ್ತು ನೀರು ಎರಡೂ ಸಿಕ್ಕಿವೆ, ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ದೂರದಿಂದ ಬಂದ ಮರಿಗಳಿಗೆ ಮೊದಲು ಬೆಲ್ಲದ ನೀರು ಕೊಟ್ಟು ಆಮೇಲೆ ಕಾಗದದ ಮೇಲೆ ಜೋಳದ ನುಚ್ಚು ಹಾಕುವುದು ನಮ್ಮ ರೂಢಿ.

ಸೂಜಿಮದ್ದು

ರೇಷ್ಮೆ ಮನೆ 800 ಚದರಡಿಯಾಯಿತು. ಗಿರಿರಾಜ ಅಥವಾ ಸ್ವರ್ಣಧಾರದಂಥ ಕೋಳಿಗಳಿಗೆ ದೊಡ್ಡದಾದ ಮೇಲೆ ತಲಾ ಎರಡು ಚದರಡಿಯಂತೆ ಹಿಡಿದರೂ 300 ಮರಿಗಳಿಗೆ ಧಾರಾಳವಾಗಿ ಸಾಕು, ಹಗಲು ಹೊರಗೆ ಬಿಡಲು ಬೇಲಿಯೊಂದನ್ನು ಮಾಡಿಸಿದರಾಯಿತು. ಆದರೆ ರೇಷ್ಮೆ ಮನೆಗಳನ್ನು ಕಾವು ಮತ್ತು ತೇವ ನಿಲ್ಲುವಂತೆ ಕಟ್ಟಿರುತ್ತಾರೆ, ಕೋಳಿಗೆ ಬೇಕಾದದ್ದು ಗಾಳಿ. ಹೊಟ್ಟು ನೆನೆದು ಅಮೋನಿಯ ಏಳಲು ಶುರುವಾದರೆ ನಿಮ್ಮ ಕಣ್ಣು ಉರಿಯುವ ಮೊದಲೇ ಕೋಳಿಯ ಶ್ವಾಸಕೋಶ ಕೆಟ್ಟಿರುತ್ತದೆ. ಉದ್ದನೆಯ ಎರಡೂ ಗೋಡೆಗಳನ್ನು ಒಂದೆರಡು ಅಡಿ ಬಿಟ್ಟು ಮೇಲ್ಭಾಗ ಒಡೆದು ಜಾಲರಿ ಹಾಕಲು ಚಿಕ್ಕಪ್ಪನವರು ಒಪ್ಪುತ್ತಾರೆಯೇ ಎಂದು ಮೊದಲು ವಿಚಾರಿಸಿ.

ಹಿರಿಯೂರಿನ ಬಬ್ಬೂರು ಫಾರಂನಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ, ನಿಮಗೆ ಹತ್ತಿರ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯವು ಅವು. ಪೀಣ್ಯದಲ್ಲಿ ರಜೆ ಸಿಕ್ಕಾಗ ಸೇರಿಕೊಳ್ಳಿ, ಸಾಧ್ಯವಾದರೆ ಅಮ್ಮನವರನ್ನೂ ಸೇರಿಸಿ. ರೇಷ್ಮೆ ಮನೆಯ ಚಿತ್ರವನ್ನು, ಕಿಟಕಿಗಳು ಕಾಣುವ ಹಾಗೆ, ಇಲ್ಲಿ ಹಾಕಿದರೆ ಎಲ್ಲಿ ಒಡೆಯಬೇಕೆಂದು ಹೇಳುತ್ತೇನೆ.

ಮಧುಗಿರಿ ಮಂಕರಿ

ಚಿಕ್ಕಪ್ಪನವರು ಒಪ್ಪಿದರೆ ಮರಿಗಳಿಗೆ ಈಗಲೇ ಹೆಸರು ಬರೆಸಿಬಿಡಿ. ಗೋಡೆ ಒಡೆದು, ಸುಣ್ಣ ಬಳಿದು, ಜಾಲರಿ ಕಟ್ಟುವ ಹೊತ್ತಿಗೆ ನಿಮ್ಮ ಸರದಿ ಬರಬಹುದು. ದೀಪಾವಳಿ ಕಳೆದ ಮೇಲೆ ಮರಿ ತಂದರೆ ಯುಗಾದಿಯ ಹೊತ್ತಿಗೆ ಹುಂಜಗಳು ಮಾರಾಟಕ್ಕೆ ಬರುತ್ತವೆ. ಚಳಿಗಾಲದಲ್ಲಿ ಕಾವು ಕೊಡಲು ಇದ್ದಿಲು ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.